ಸೋಗಾನೆಯಿಂದ ಬೀದರ್‌ವರೆಗೆ: ಸಣ್ಣ ವಿಮಾನ ನಿಲ್ದಾಣಗಳ ಊರಲ್ಲಿ ಆರು ದಿನ

ಒಂದನೇ ದಿನ: ಬೆಂಗಳೂರು – ಶಿವಮೊಗ್ಗ

ಬೆಂಗಳೂರಿನಲ್ಲಿ ತಪಾಸಣೆಯ ಸಾಲಿನಲ್ಲಿ ನನ್ನ ಮುಂದಿದ್ದ ಅಜ್ಜಿಯ ಕೈಚೀಲದಲ್ಲಿ ಒಂದು ಅಡಕತ್ತರಿ ಸಿಕ್ಕಿತು. ಹಿತ್ತಾಳೆ ಹಿಡಿ, ಗಿಳಿ ಕೊಕ್ಕಿನ ಹಾಗೆ ಬಾಗಿದ ತುದಿ, ಬಳಸಿ ಬಳಸಿ ನುಣುಪಾದ ಹಳೇ ಅಡಕತ್ತರಿ. ತಪಾಸಣೆಯ ಹುಡುಗಿ ಅದನ್ನ ಎತ್ತಿ ಹಿಡಿದು ಇದೇನು ಅಂತ ಹಿಂದಿಯಲ್ಲಿ ಕೇಳಿದಳು. "ಕವಳಕ್ಕೆ ಕಣಮ್ಮಾ" ಅಂತ ಅಜ್ಜಿ ಕನ್ನಡದಲ್ಲೇ ಹೇಳಿದರು. ನಾನು ನಡುವೆ ಬಾಯಿ ಹಾಕಿ ವಿವರಿಸಿದೆ. ಕಬ್ಬಿಣದ ಅಲಗು ಇರೋದನ್ನ ಒಳಗೆ ಬಿಡೋ ಹಾಗಿಲ್ಲ, ನಿಯಮ ನಿಯಮವೇ. ಮಗ ಇನ್ನೂ ಹೊರಗೇ ನಿಂತಿದ್ದರು, ಒಬ್ಬ ಸಿಬ್ಬಂದಿ ಪುಣ್ಯಾತ್ಮ ಅದನ್ನ ಒಯ್ದು ಅವರ ಕೈಗೆ ಕೊಟ್ಟು ಬಂದ. ಅಜ್ಜಿಯ ಹತ್ತಿರ ಉಳಿದಿದ್ದು ವೀಳ್ಯದೆಲೆ, ಸುಣ್ಣದ ಡಬ್ಬಿ ಮತ್ತು ನಾಲ್ಕು ಇಡೀ ಅಡಿಕೆ.

ಅವರದು ಹೊಸನಗರ ಕಡೆ. ವಿಮಾನ ಹತ್ತುತ್ತಿರೋದು ಇದೇ ಮೊದಲು. ಮಂಡಿ ನೋವು, ರಾತ್ರಿ ಬಸ್ಸಲ್ಲಿ ಕಾಲು ಮಡಚಿ ಕೂರೋಕೆ ಆಗಲ್ಲ, ಅದಕ್ಕೇ ಮಗ ಟಿಕೆಟ್ ಮಾಡಿಸಿದ್ದು. ನನ್ನ ಪಕ್ಕದ ಸೀಟೇ ಅವರಿಗೆ ಬಂದಿತ್ತು.

ಈ ಪ್ರವಾಸ ಯಾಕೆ ಅಂತ ಮೊದಲೇ ಹೇಳಿಬಿಡ್ತೀನಿ. ನಾನು ಸಾಗರದವನು. 2017ರ ಜುಲೈನಲ್ಲಿ ಒಂದು ರಾತ್ರಿ ಎಂಟು ಗಂಟೆಗೆ ಊರಿಂದ ಫೋನ್ ಬಂತು, ಅಪ್ಪನಿಗೆ ಉಸಿರಾಟ ಕಷ್ಟ ಆಗ್ತಿದೆ ಅಂತ. ಮೆಜೆಸ್ಟಿಕ್‌ಗೆ ಓಡಿ ಸಿಕ್ಕಿದ ಬಸ್ಸು ಹತ್ತಿದೆ. ಆ ಮಳೆಯಲ್ಲಿ ಬೆಳಗಿನ ಜಾವ ಸಾಗರ ಮುಟ್ಟೋ ಹೊತ್ತಿಗೆ ಎಲ್ಲ ಮುಗಿದು ಎರಡು ಗಂಟೆ ಆಗಿತ್ತು. ಶಿವಮೊಗ್ಗಕ್ಕೆ ವಿಮಾನ ಬಂತು ಅಂತ ಪೇಪರಲ್ಲಿ ಓದಿದ ದಿನ ನನಗೆ ಮೊದಲು ನೆನಪಾಗಿದ್ದು ಆ ರಾತ್ರಿ. ಆಮೇಲೆ ಕೂತು ಯೋಚನೆ ಮಾಡಿದೆ. ವಿಮಾನ ಇದ್ದಿದ್ರೂ ಅವತ್ತು ನನಗೆ ಉಪಯೋಗಕ್ಕೆ ಬರ್ತಿರಲಿಲ್ಲ. ವಿಮಾನ ಹೊರಡೋದು ಬೆಳಿಗ್ಗೆ ಹತ್ತರ ಸುಮಾರಿಗೆ, ದಿನಕ್ಕೆ ಒಂದೇ ಸಲ, ರಾತ್ರಿ ಇಳಿಯೋ ವ್ಯವಸ್ಥೆ ಇನ್ನೂ ಶುರುವೇ ಆಗಿರಲಿಲ್ಲ. ಹಾಗಾದ್ರೆ ಇದು ಯಾರಿಗೆ ಉಪಯೋಗ, ಯಾವಾಗ ಉಪಯೋಗ? ಬರೀ ಶಿವಮೊಗ್ಗ ಅಲ್ಲ, ಇಂಥ ಇನ್ನೊಂದೆರಡು ಊರನ್ನೂ ನೋಡಬೇಕು ಅನಿಸಿತು. 2024ರ ಫೆಬ್ರವರಿಯಲ್ಲಿ ಆರು ದಿನ ರಜೆ ಹಾಕಿದೆ.

ಇದು ಏಟಿಆರ್ ವಿಮಾನ, ಎರಡು ದೊಡ್ಡ ಫ್ಯಾನಿನದು, ಎಪ್ಪತ್ತೆಂಟು ಸೀಟು. ಹತ್ತೋದು ಹಿಂದಿನ ಬಾಗಿಲಿಂದ, ಸಾಮಾನು ತುಂಬೋದು ಮುಂದಿನಿಂದ, ನಮ್ಮ ಬಸ್ಸುಗಳಿಗೆ ತದ್ವಿರುದ್ಧ. ರೆಕ್ಕೆ ತಲೆ ಮೇಲಿರುತ್ತೆ. ಹಾಗಾಗಿ ಯಾವ ಕಿಟಕಿಯಲ್ಲಿ ಕೂತ್ರೂ ನೆಲ ಕಾಣುತ್ತೆ. ಜಾಸ್ತಿ ಎತ್ತರಕ್ಕೂ ಹೋಗಲ್ಲ. ಅಜ್ಜಿ ಏರುವಾಗ ನನ್ನ ಮುಂಗೈ ಹಿಡಿದವರು ಅರಸೀಕೆರೆ ಕಡೆಯ ತೆಂಗಿನ ತೋಟಗಳು ಚುಕ್ಕೆ ಚುಕ್ಕೆ ಕಾಣೋಕೆ ಶುರುವಾದ ಮೇಲೆ ಬಿಟ್ಟರು. ಆಮೇಲೆ ಮುಖವನ್ನ ಕಿಟಕಿಯಿಂದ ತೆಗೀಲೇ ಇಲ್ಲ. "ತಮ್ಮಾ, ಅದು ಭದ್ರಾ ನಾಲೆ ಅಲ್ವನಾ?" ಅಂದರು. ಹೌದು, ನಾಲೆಯೇ. ಅದರ ಅಕ್ಕಪಕ್ಕ ಬೇಸಿಗೆ ಭತ್ತದ ಹಸಿರು, ಅಡಿಕೆ ತೋಟದ ಗಾಢ ಹಸಿರು, ಮಧ್ಯೆ ಥಟ್ಟನೆ ಉದ್ದಕ್ಕೆ ಗೆರೆ ಎಳೆದ ಹಾಗೆ ರನ್‌ವೇ.

ಈ ರನ್‌ವೇ 3,200 ಮೀಟರ್. ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇಷ್ಟು ಉದ್ದದ್ದು ಬೇರೆ ಇಲ್ಲ. ಏಟಿಆರ್‌ಗೆ ಅದರ ಅರ್ಧವೂ ಬೇಡ. ನಾವು ಇಳಿದು ನಿಂತ ಮೇಲೂ ಮುಂದೆ ಅಷ್ಟೊಂದು ರನ್‌ವೇ ಖಾಲಿ ಉಳಿದಿತ್ತು. ಮೈಸೂರಿನ ಮಂಡಕಳ್ಳಿಯಲ್ಲಿ ಇದರ ಉಲ್ಟಾ ಪರಿಸ್ಥಿತಿ. ಅಲ್ಲಿ ಇರೋದು 1,740 ಮೀಟರ್, ದೊಡ್ಡ ವಿಮಾನ ಇಳಿಸೋಣ ಅಂದ್ರೆ ಪಕ್ಕದಲ್ಲೇ ನಂಜನಗೂಡು ಹೆದ್ದಾರಿ. ಒಂದು ಕಡೆ ಜನ ಇದ್ದಾರೆ, ಜಾಗ ಇಲ್ಲ. ಇನ್ನೊಂದು ಕಡೆ ಜಾಗ ಇದೆ, ವಿಮಾನ ಇನ್ನೂ ಬರಬೇಕು.

ಮೇಲಿಂದ ನೋಡಿದರೆ ತಾವರೆ ಆಕಾರದ ಟರ್ಮಿನಲ್ಲು, ಕುವೆಂಪು ಅವರ ಹೆಸರು. 2023ರ ಫೆಬ್ರವರಿ 27ಕ್ಕೆ ಪ್ರಧಾನಿ ಉದ್ಘಾಟಿಸಿದರು, ಅದೇ ವರ್ಷ ಆಗಸ್ಟ್ 31ಕ್ಕೆ ಇಂಡಿಗೋದ ಮೊದಲ ವಿಮಾನ ಬಂತು. ನಡುವೆ ಆರು ತಿಂಗಳು ಕಟ್ಟಡ ಸುಮ್ನೆ ಕಾದಿತ್ತು. ಬೇರೆ ಕಡೆ ಹಾಗೆ ಇದನ್ನ ನಡೆಸೋದು ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರ ಅಲ್ಲ, ನಮ್ಮ ರಾಜ್ಯ ಸರ್ಕಾರವೇ.

ಹೊರಗೆ ಬಂದಾಗ ಅಜ್ಜಿಯನ್ನ ಕರೆದುಕೊಂಡು ಹೋಗೋಕೆ ಮೊಮ್ಮಗ ಕಾರು ತಂದಿದ್ದ. ಅವರು ಮೊದಲು ಕೇಳಿದ್ದು, "ಅಡಕತ್ತರಿ ಇದ್ಯನಾ?" ಅಂತ. ಅವನು ಮನೆಯಿಂದ ಇನ್ನೊಂದು ತಂದಿದ್ದ, ಬೆಂಗಳೂರಿಂದ ಅಷ್ಟೊತ್ತಿಗೆ ಫೋನ್ ಹೋಗಿತ್ತಂತೆ. ಕಾರಿನ ಬಾಗಿಲು ತೆರೆದು ಅಲ್ಲೇ ಕೂತು ಅಡಿಕೆ ಕತ್ತರಿಸಿ ನನಗೂ ಒಂದು ಎಲೆ ಮಡಚಿ ಕೊಟ್ಟರು.

ಎರಡನೇ ದಿನ: ಸೋಗಾನೆ, ಶಿವಮೊಗ್ಗ ಪೇಟೆ

ಬೆಳಿಗ್ಗೆ ಆಟೋ ಹಿಡಿದು "ಸೋಗಾನೆ" ಅಂದೆ. "ಜೈಲಿಗಾ, ಏರ್‌ಪೋರ್ಟಿಗಾ?" ಅಂತ ಕೇಳಿದ. ಸೋಗಾನೆ ಅಂದ್ರೆ ಮೊದಲಿಂದ ಕೇಂದ್ರ ಕಾರಾಗೃಹ ಇರೋ ಊರು ಅಂತಲೇ ಹೆಸರು. ಈಗ ಎರಡು ಹೆಸರು.

ಊರೊಳಗೆ ಒಂದು ಅಂಗಡಿ ಕಟ್ಟೆಯಲ್ಲಿ ಕೂತೆ. ಭೂಮಿ ಹೋದವರು ಒಬ್ಬರು ಮಾತಿಗೆ ಸಿಕ್ಕರು. ಅವರ ಮಾತಿನಲ್ಲಿ ಸಿಟ್ಟಿಗಿಂತ ಲೆಕ್ಕ ಜಾಸ್ತಿ ಇತ್ತು. ಎಷ್ಟು ಎಕರೆ ಹೋಯ್ತು, ಎಷ್ಟಕ್ಕೆ ದಾಖಲೆ ಇತ್ತು, ಎಷ್ಟಕ್ಕೆ ಇರಲಿಲ್ಲ. ಬಗರ್‌ಹುಕುಂ ಜಮೀನಿನ ಕಥೆ ನಮ್ಮ ಮಲೆನಾಡಲ್ಲಿ ಎಲ್ಲರಿಗೂ ಗೊತ್ತಿರೋದೇ. ಮೂರು ತಲೆಮಾರು ಉತ್ತಿದ ನೆಲ, ಕಾಗದದಲ್ಲಿ ಸರ್ಕಾರದ್ದು. "ನಿವೇಶನ ಕೊಡ್ತೀವಿ ಅಂದಿದ್ರು, ಅದಕ್ಕಿನ್ನೂ ಓಡಾಡ್ತಾ ಇದೀವಿ" ಅಂದರು. ಆಮೇಲೆ ಅವರೇ, "ಆದ್ರೆ ವಿಮಾನ ಬರೋ ಹೊತ್ತಿಗೆ ಮೊಮ್ಮಗಳು ದಿನಾ ಹಿತ್ತಿಲಿಗೆ ಓಡ್ತಾಳೆ. ಅವಳಿಗೆ ಗಡಿಯಾರ ಅದೇ" ಅಂದರು. ಹನ್ನೊಂದರ ಸುಮಾರಿಗೆ ಸದ್ದು ಕೇಳಿತು. ಹುಡುಗಿ ಓಡಿದಳು. ನಾವೂ ಎದ್ದು ನೋಡಿದೆವು. ಆ ಮನುಷ್ಯನೂ ನೋಡಿದರು, ಅದು ಮರದ ಮರೆಗೆ ಇಳಿಯುವವರೆಗೂ.

ಇವರಿಗೆ ಕೊಡಬೇಕಾದ್ದು ಕೊಟ್ಟು ಮುಗಿಸದೆ ಯಾವ ವಿಮಾನ ನಿಲ್ದಾಣವನ್ನೂ ಊರಿನದ್ದು ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ. ನಾವು ಇಳಿದಿದ್ದು ಅವರ ರಾಗಿ ಹೊಲದ ಮೇಲೆ.

ಮಧ್ಯಾಹ್ನ ಎಪಿಎಂಸಿ ಅಡಿಕೆ ಮಂಡಿಗೆ ಹೋದೆ. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಚೀಲಗಳ ಸಾಲು, ಒಳಗೆ ಕಾಲಿಟ್ಟರೆ ಒಣಗಿದ ಚೊಗರಿನ ವಾಸನೆ. ಒಬ್ಬ ವ್ಯಾಪಾರಿ ಹೇಳಿದ್ದು ನನಗೆ ಹೊಸದಾಗಿತ್ತು. ಬೆಂಗಳೂರಿಗೆ ವಿಮಾನ ಇದ್ರೂ ಅವರು ಹತ್ತಲ್ಲ. ಬೆಳಗಿನ ಜನಶತಾಬ್ದಿ ರೈಲಿದೆ, ಹೆದ್ದಾರಿ ಅಗಲ ಆಗ್ತಾ ಇದೆ, ದೇವನಹಳ್ಳಿಯಲ್ಲಿ ಇಳಿದು ಪೇಟೆಗೆ ಬರೋ ಹೊತ್ತಿಗೆ ಉಳಿಸಿದ ಸಮಯ ಹೋಗಿರುತ್ತೆ. ಅವರಿಗೆ ಬೇಕಾಗಿದ್ದು ಹೈದರಾಬಾದು. ಹಿಂದಿನ ನವೆಂಬರ್‌ನಿಂದ ಸ್ಟಾರ್ ಏರ್‌ನವರು ಹೈದರಾಬಾದ್, ತಿರುಪತಿ, ಗೋವಾಕ್ಕೆ ಶುರು ಮಾಡಿದ್ದರು. "ಬೆಂಗಳೂರಿಗೆ ಹೋಗೋಕೆ ನೂರು ದಾರಿ ಇದೆ. ಬೆಂಗಳೂರಿಗೆ ಹೋಗದೆ ಬೇರೆ ಕಡೆ ಹೋಗೋಕೆ ಇದೊಂದೇ" ಅಂದರು. ಈ ಮಾತನ್ನ ಡೈರಿಯಲ್ಲಿ ಬರೆದುಕೊಂಡೆ.

ಸಂಜೆ ಭದ್ರಾವತಿಗೆ ಹೋಗಿ ಬಂದೆ. 1923ರಲ್ಲಿ ಶುರುವಾದ ಉಕ್ಕಿನ ಕಾರ್ಖಾನೆಯ ಗೇಟಿನ ಎದುರು ಹತ್ತು ನಿಮಿಷ ನಿಂತೆ. ಕಾಗದದ ಕಾರ್ಖಾನೆ ಮುಚ್ಚಿದೆ, ಉಕ್ಕಿನದ್ದರ ಉಸಿರು ಮೇಲೆ ಕೆಳಗೆ ಆಗ್ತಿದೆ. ಆ ಊರಿನ ಹುಡುಗರು ಈಗ ಏರ್‌ಪೋರ್ಟಿನಲ್ಲಿ ಏನಾದ್ರೂ ಕೆಲಸ ಸಿಗುತ್ತಾ ಅಂತ ಕೇಳ್ತಾರೆ. ಸಿಕ್ಕಿದೆ, ಕೆಲವರಿಗೆ. ಆದ್ರೆ ಕಾರ್ಖಾನೆ ಕೊಡೋ ಕೆಲಸದ ಲೆಕ್ಕವೇ ಬೇರೆ.

ಮೂರನೇ ದಿನ: ಹುಬ್ಬಳ್ಳಿ

ಹೊನ್ನಾಳಿ, ಹರಿಹರದ ಮೇಲೆ ಬಸ್ಸು. ದಾರಿಯುದ್ದಕ್ಕೂ ತುಂಗಭದ್ರೆ ಒಮ್ಮೆ ಕಾಣುತ್ತಾಳೆ, ಒಮ್ಮೆ ಮರೆಯಾಗುತ್ತಾಳೆ. ರಾಣೆಬೆನ್ನೂರಲ್ಲಿ ಮಿರ್ಚಿ ತಿಂದೆ, ಹಾವೇರಿ ದಾಟೋವರೆಗೂ ನಿದ್ದೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣದ ಬಗ್ಗೆ ಜಾಸ್ತಿ ಹೇಳಲ್ಲ, ಯಾಕಂದ್ರೆ ಇದು ತನ್ನ ಕಾಲ ಮೇಲೆ ನಿಂತುಬಿಟ್ಟಿದೆ. ಗದಗ, ಹಾವೇರಿ, ಶಿರಸಿ, ದಾಂಡೇಲಿ ಕಡೆಯವರೆಲ್ಲ ಇಲ್ಲಿಗೇ ಬರ್ತಾರೆ. ಧಾರವಾಡದ ಹೈಕೋರ್ಟ್ ಪೀಠ, ರೈಲ್ವೆ ವಲಯದ ಕಚೇರಿ, ಕಾಲೇಜುಗಳು, ವ್ಯಾಪಾರ, ಎಲ್ಲ ಸೇರಿ ಸೀಟು ತುಂಬುತ್ತೆ. ಆದ್ರೆ ಇದೂ ಸಣ್ಣದಾಗೇ ಇತ್ತು ಅನ್ನೋದನ್ನ ಮರೀಬಾರದು. 2003ರ ಆಗಸ್ಟಿನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ತಮ್ಮ ಏರ್ ಡೆಕ್ಕನ್ ಶುರು ಮಾಡಿದ್ದು ಇದೇ ಹುಬ್ಬಳ್ಳಿ–ಬೆಂಗಳೂರು ನಡುವೆ. ಅವತ್ತು ಅದನ್ನ ಹುಚ್ಚು ಅಂದವರು ಬಹಳ ಜನ. 2017ರ ಡಿಸೆಂಬರಿನಲ್ಲಿ ರನ್‌ವೇ ಉದ್ದ ಮಾಡಿ ಹೊಸ ಟರ್ಮಿನಲ್ ತೆರೆದ ಮೇಲೆ ದೊಡ್ಡ ವಿಮಾನಗಳು ಬಂದವು. ಅಂದ್ರೆ ಹದಿನಾಲ್ಕು ವರ್ಷ. ಒಂದು ಊರಿಗೆ ಹಾರೋದು ರೂಢಿಯಾಗೋಕೆ ಅಷ್ಟು ಕಾಲ ಬೇಕು. ಮೂರು ವರ್ಷದಲ್ಲಿ ಆಗೋ ಕೆಲಸ ಅಲ್ಲ. ಈ ಮೂರು ವರ್ಷದ ಲೆಕ್ಕ ಮುಂದೆ ಬರುತ್ತೆ.

ರಾತ್ರಿ ವಿಜಯಪುರದ ಮೇಲೆ ಕಲಬುರಗಿಗೆ ಸ್ಲೀಪರ್ ಬಸ್ಸು. ವಿಜಯಪುರದಲ್ಲೂ ಆಗ ಒಂದು ವಿಮಾನ ನಿಲ್ದಾಣ ಕಟ್ಟುತ್ತಿದ್ದರು. ಕತ್ತಲೆಯಲ್ಲಿ ಏನೂ ಕಾಣಲಿಲ್ಲ.

ನಾಲ್ಕನೇ ದಿನ: ಕಲಬುರಗಿ

ಬಸ್ಸಿಂದ ಇಳಿಯುವಾಗಲೇ ಬಿಸಿಲು ಚುರುಕಾಗಿತ್ತು. ತೊಗರಿ ರಾಶಿ ಮುಗಿಯುವ ಕಾಲ, ಮಾರುಕಟ್ಟೆಗೆ ಹೋಗುವ ಟ್ರ್ಯಾಕ್ಟರುಗಳು ರಸ್ತೆ ತುಂಬ. ಇಲ್ಲಿ ನನ್ನ ಹಳೇ ಹಾಸ್ಟೆಲ್ ಗೆಳೆಯ ಇದ್ದಾನೆ, ಹೈಕೋರ್ಟ್ ಪೀಠದಲ್ಲಿ ವಕೀಲ. ಅವನ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಊಟ ಆದ ಮೇಲೆ ಅವನ ಬೈಕಲ್ಲಿ ಶ್ರೀನಿವಾಸ ಸರಡಗಿ ಕಡೆ ಹೊರಟೆವು.

ಕಲಬುರಗಿಗೂ ಶಿವಮೊಗ್ಗಕ್ಕೂ ಅಡಿಗಲ್ಲು ಬಿದ್ದಿದ್ದು 2008ರಲ್ಲೇ. ಎರಡನ್ನೂ ಖಾಸಗಿಯವರ ಜೊತೆ ಸೇರಿ ಕಟ್ಟುವ ಯೋಜನೆ ಇತ್ತು, ಎರಡೂ ಕೈಕೊಟ್ಟವು, ಕೊನೆಗೆ ಸರ್ಕಾರವೇ ಮುಗಿಸಬೇಕಾಯಿತು. ಕಲಬುರಗಿಗೆ ಮೊದಲ ವಿಮಾನ ಬಂದಿದ್ದು 2019ರ ನವೆಂಬರ್ 22ಕ್ಕೆ. ರನ್‌ವೇ 3,175 ಮೀಟರ್.

"ನಮಗ ಇದು ಶೋಕಿ ಅಲ್ಲಪಾ" ಅಂದ ಗೆಳೆಯ. "ಬೆಂಗಳೂರಿಗೆ ಆರುನೂರು ಕಿಲೋಮೀಟರ್ ಹತ್ರ ಆಗ್ತದ. ಇಲ್ಲಿಂದ ವಿಧಾನಸೌಧದಾಗ ಒಂದು ಕಾಗದಾ ಕೊಟ್ಟು ಬರಬೇಕಂದ್ರ ಎರಡು ರಾತ್ರಿ ರೈಲಿನಾಗ, ಒಂದು ಹಗಲು ಕಚೇರಿ ಮುಂದ. ಮೂರು ದಿನದ ಕೂಲಿ ಹೋಯ್ತು." ಸಾಗರದವನಿಗೆ ಇದು ಒಮ್ಮೆಗೇ ತಲೆಗೆ ಹೋಗಲಿಲ್ಲ. ನಾವು ರಾಜಧಾನಿ ದೂರ ಅಂತೀವಿ, ಏಳು ಗಂಟೆ. ಇವರಿಗೆ ಹೈದರಾಬಾದು, ಸೊಲ್ಲಾಪುರ ಹತ್ತಿರ, ಬೆಂಗಳೂರು ದೂರ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡೋ ಸಂವಿಧಾನದ 371(ಜೆ) ತರೋಕೆ ಯಾಕೆ ಅಷ್ಟು ವರ್ಷ ಹೋರಾಡಿದರು ಅಂತ ಅರ್ಥ ಆಗೋಕೆ ಒಂದು ಸಲ ಆ ರಾತ್ರಿ ರೈಲಲ್ಲಿ ಕೂರಬೇಕು.

ನಿಲ್ದಾಣದ ಬೇಲಿ ಆಚೆ ಒಂದು ಸಣ್ಣ ಚಹಾ ಅಂಗಡಿ. ಅಲ್ಲಿ ಕೂತು ಒಂದೂವರೆ ಗಂಟೆ ನೋಡಿದೆವು. ಆ ಒಂದೂವರೆ ಗಂಟೆ ಈ ಪ್ರವಾಸದಲ್ಲಿ ನನಗೆ ಬಹಳ ಇಷ್ಟ ಆದ ಹೊತ್ತು. ಮೊದಲು ಒಂದು ಜೀಪು ರನ್‌ವೇ ಉದ್ದಕ್ಕೂ ನಿಧಾನ ಹೋಯ್ತು. ನಾಯಿ, ನರಿ, ಕಲ್ಲು, ಹಕ್ಕಿ ಏನಾದ್ರೂ ಇದೆಯಾ ಅಂತ ನೋಡೋಕೆ. ಮೂರು ಕಿಲೋಮೀಟರ್ ಹೋಗಿ, ತಿರುಗಿ, ಇನ್ನೊಂದು ಅಂಚು ಹಿಡಿದು ವಾಪಸ್ ಬಂತು. ಆಮೇಲೆ ಅಗ್ನಿಶಾಮಕ ವಾಹನ ಬಂದು ತನ್ನ ಜಾಗದಲ್ಲಿ ಇಂಜಿನ್ ಆನ್ ಇಟ್ಟುಕೊಂಡು ನಿಂತಿತು. ಗಾಳಿಚೀಲ ಒಂದೇ ಕಡೆಗೆ ಮಲಗಿತ್ತು. ಅಂಗಡಿಯಾತ ಅದನ್ನ ನೋಡಿ, "ಇವತ್ತು ಆ ಕಡಿಂದ ಇಳಿತಾನ್ರಿ" ಅಂದ. ಹಾಗೇ ಆಯ್ತು. ಆತ ನಾಲ್ಕು ವರ್ಷದಿಂದ ದಿನಾ ನೋಡ್ತಿದ್ದಾನೆ. ಆತನ ತಂಗಿ ಟರ್ಮಿನಲ್ಲಿನಲ್ಲಿ ಸ್ವಚ್ಛತೆಯ ಕೆಲಸಕ್ಕೆ ಹೋಗ್ತಾಳೆ, ತಮ್ಮ ಟ್ಯಾಕ್ಸಿ ಓಡಿಸ್ತಾನೆ. ವಿಮಾನ ರದ್ದಾದ ದಿನ ಮೂವರ ಗಳಿಕೆಗೂ ಪೆಟ್ಟು.

ವಿಮಾನ ಇಲ್ಲದ ಹೊತ್ತಿನಲ್ಲೂ ಆಕಾಶ ಖಾಲಿ ಇರಲಿಲ್ಲ. ಎರಡು ಸೀಟಿನ, ನಾಲ್ಕು ಸೀಟಿನ ಪುಟ್ಟ ವಿಮಾನಗಳು ಏರಿ, ಸುತ್ತು ಹಾಕಿ, ನೆಲ ಮುಟ್ಟಿ, ನಿಲ್ಲದೆ ಮತ್ತೆ ಏರುತ್ತಿದ್ದವು. ಇಲ್ಲಿ ಪೈಲಟ್ ತರಬೇತಿ ಶಾಲೆಗಳಿವೆ. ಖಾಲಿ ರನ್‌ವೇಯನ್ನ ಹೀಗೂ ಬಳಸಬಹುದು ಅನ್ನೋದು ನನಗೆ ಬಹಳ ಒಳ್ಳೇ ಯೋಚನೆ ಅನಿಸಿತು. ದೂರದ ಊರಿನ ಹುಡುಗ ಹುಡುಗಿಯರು ಇಲ್ಲಿ ಬಾಡಿಗೆ ಮನೆ ಹಿಡಿದು, ಇಲ್ಲಿನ ಖಾನಾವಳಿಯಲ್ಲಿ ರೊಟ್ಟಿ ತಿಂದು, ಈ ಊರ ಮೇಲೆ ಹಾರೋದು ಕಲಿಯುತ್ತಾರೆ.

ಐದನೇ ದಿನ: ಬೀದರ್

ಬೆಳಿಗ್ಗೆ ಡೆಮು ರೈಲು. ಈ ಕಲಬುರಗಿ–ಬೀದರ್ ಮಾರ್ಗವೇ ಎರಡು ದಶಕ ಕಾದು 2017ರ ಅಕ್ಟೋಬರಿನಲ್ಲಿ ಶುರುವಾಗಿದ್ದು. ಕಮಲಾಪುರದ ಕೆಂಪು ಬಾಳೆಹಣ್ಣು ಬೋಗಿಯೊಳಗೇ ಮಾರಾಟಕ್ಕೆ ಬಂತು, ಮೂರು ತಗೊಂಡೆ. ಸುರಂಗ ದಾಟಿದ ಮೇಲೆ ನೆಲದ ಬಣ್ಣ ಕಪ್ಪಿನಿಂದ ಕೆಂಪಿಗೆ ತಿರುಗಿತು.

ಬೀದರ್‌ನಲ್ಲಿ ಆಟೋದವನಿಗೆ ಏರ್‌ಪೋರ್ಟ್ ಅಂದೆ. ತಿರುಗಿ ನನ್ನನ್ನ ನೋಡಿದ. "ವಿಮಾನ ಬಂದ್ ಆಗ್ಯಾವ್ರಿ ಸರ" ಅಂದ. ಗೊತ್ತು, ಸುಮ್ನೆ ನೋಡೋಕೆ ಅಂದೆ. ಹತ್ತಿಸಿಕೊಂಡ. ಚಿದ್ರಿ ಕಡೆಗೆ ರಸ್ತೆ ಚೆನ್ನಾಗಿದೆ. ಟರ್ಮಿನಲ್ ಬಂತು. ಗಾಜು, ಬೋರ್ಡು, ಕುಂಡದಲ್ಲಿ ಗಿಡ ಎಲ್ಲ ಸರಿಯಾಗೇ ಇದೆ. ಗೇಟಿನ ಹತ್ತಿರ ಒಬ್ಬರೇ ಒಬ್ಬ ಕಾವಲುಗಾರ, ಅಷ್ಟೇ. ಟ್ಯಾಕ್ಸಿ ನಿಲ್ಲೋ ಜಾಗದಲ್ಲಿ ಬಿಳಿ ಗೆರೆಗಳ ಮೇಲೆ ಬೇವಿನ ಎಲೆ ಉದುರಿ ಬಿದ್ದಿದ್ದವು, ಗುಡಿಸುವವರಿಲ್ಲ.

ವಾಯುಪಡೆಯ ರನ್‌ವೇ ಇಲ್ಲಿ ಮೊದಲಿಂದ ಇದೆ. ಆಕಾಶದಲ್ಲಿ ಕಸರತ್ತು ತೋರಿಸೋ ಸೂರ್ಯಕಿರಣ ತಂಡದ ನೆಲೆ ಇದೇ, ಯುದ್ಧ ವಿಮಾನದ ಪೈಲಟ್‌ಗಳು ಹಾಕ್ ಅನ್ನೋ ತರಬೇತಿ ಜೆಟ್‌ನಲ್ಲಿ ಕಲಿಯೋದೂ ಇಲ್ಲೇ. ಹಾಗಾಗಿ ಬೀದರ್ ಮಂದಿಗೆ ವಿಮಾನದ ಸದ್ದು ಹೊಸದಲ್ಲ. ತಾವು ಹತ್ತೋ ವಿಮಾನ ಮಾತ್ರ ಇರಲಿಲ್ಲ. ಹೈದರಾಬಾದ್ ನಿಲ್ದಾಣದಿಂದ 150 ಕಿಲೋಮೀಟರ್ ಒಳಗೆ ಇನ್ನೊಂದು ಬರಬಾರದು ಅನ್ನೋ ಷರತ್ತು ಬಹಳ ವರ್ಷ ಅಡ್ಡ ಬಂತು. ಕೊನೆಗೆ 2020ರ ಫೆಬ್ರವರಿ 7ಕ್ಕೆ ಟ್ರೂಜೆಟ್‌ನ ಮೊದಲ ವಿಮಾನ ಬಂತು. ಒಂದೂವರೆ ತಿಂಗಳಿಗೆ ಕೊರೊನಾ ಬಂತು. 2022ರಲ್ಲಿ ಟ್ರೂಜೆಟ್ ಕಂಪನಿಯೇ ಹಾರಾಟ ನಿಲ್ಲಿಸಿತು. ಅದೇ ವರ್ಷ ಸ್ಟಾರ್ ಏರ್ ಬಂತು. 2023ರ ಕೊನೆಗೆ ಅದೂ ನಿಂತಿತು. ನಾನು ಹೋದಾಗ ನಿಂತು ಎರಡು ತಿಂಗಳೂ ಆಗಿರಲಿಲ್ಲ.

ಇಲ್ಲೇ ಆ ಮೂರು ವರ್ಷದ ಲೆಕ್ಕ ಹೇಳಬೇಕು. ಸಣ್ಣ ಊರುಗಳಿಗೆ ಕಡಿಮೆ ದರದಲ್ಲಿ ವಿಮಾನ ಓಡಿಸೋ ಕೇಂದ್ರದ ಉಡಾನ್ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ಕ್ಕೆ ಶಿಮ್ಲಾ–ದೆಹಲಿ ನಡುವೆ ಹಾರಿತು. ಆಗ ಗಂಟೆ ಹಾರಾಟದ ಟಿಕೆಟ್ಟಿಗೆ 2,500 ರೂಪಾಯಿಯ ಮಿತಿ ಇತ್ತು, ಅದೂ ಒಂದಷ್ಟು ಸೀಟಿಗೆ. ಅದರಿಂದ ಕಂಪನಿಗೆ ಆಗುವ ಕೊರತೆಯನ್ನ ತುಂಬಿಕೊಡೋದು ಸರ್ಕಾರ, ಬಹುಪಾಲು ಕೇಂದ್ರದ್ದು, 20 ಪರ್ಸೆಂಟ್ ರಾಜ್ಯದ್ದು. ಇದೆಲ್ಲ ಮೂರು ವರ್ಷ ಮಾತ್ರ. ಆ ಮೇಲೆ ಕಂಪನಿ ತನ್ನ ಲಾಭ ನಷ್ಟ ತಾನು ನೋಡಿಕೊಳ್ಳಬೇಕು. ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿಯ 2023ರ ವರದಿ ಪ್ರಕಾರ, ಆವರೆಗೆ ಲೆಕ್ಕಕ್ಕೆ ತಗೊಂಡ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಅದಾದ ಮೇಲೂ ಹಾರುತ್ತಿದ್ದವು 54. ಈ ಅಂಕಿ ನನಗೆ ಮೊದಲೇ ಗೊತ್ತಿತ್ತು. ಆದ್ರೆ ಆ ಬೇವಿನ ಎಲೆ ಬಿದ್ದ ಗೆರೆಗಳ ಮೇಲೆ ನಿಂತಾಗ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯ್ತು.

ಕಟ್ಟಡ ಕಟ್ಟೋದಕ್ಕೆ ದುಡ್ಡು ಹೇಗೋ ಹುಟ್ಟುತ್ತೆ, ಅದಕ್ಕೆ ಉದ್ಘಾಟನೆ ಇರುತ್ತೆ. ನಾಳೆಯ ವಿಮಾನಕ್ಕೆ, ನಾಡಿದ್ದಿನ ವಿಮಾನಕ್ಕೆ ಯಾರೂ ಟೇಪು ಕತ್ತರಿಸಲ್ಲ. ಆದ್ರೆ ಊರಿನವರು ನಂಬೋದು ಅದನ್ನೇ. ಮುಂದಿನ ತಿಂಗಳು ವಿಮಾನ ಇರುತ್ತೋ ಇಲ್ಲವೋ ಅಂತ ಅನುಮಾನ ಬಂದ್ರೆ ಯಾರೂ ಮುಂಚೆ ಟಿಕೆಟ್ ಮಾಡಿಸಲ್ಲ. ಮಾಡಿಸದಿದ್ರೆ ಸೀಟು ತುಂಬಲ್ಲ. ತುಂಬದಿದ್ರೆ ವಿಮಾನ ನಿಲ್ಲುತ್ತೆ. ನಮ್ಮ ಕೆಂಪು ಬಸ್ಸು ಹಳ್ಳಿಗೆ ಹೋಗುವಾಗ ದಿನಾ ಲಾಭ ನೋಡಿಕೊಂಡು ಹೋಗ್ತಿತ್ತಾ? ಹೋಗ್ತಿರಲಿಲ್ಲ. ಹೋಗ್ತಾ ಹೋಗ್ತಾ ಜನ ಹುಟ್ಟಿಕೊಂಡರು. ಎಲ್ಲ ಜಿಲ್ಲೆಗೂ ಒಂದೊಂದು ಹೊಸ ಟರ್ಮಿನಲ್ ಕೇಳೋ ಮೊದಲು, ಇರೋ ಬೀದರ್‌ನಂಥ ಊರಿಗೆ ಒಂದು ವಿಮಾನ ಐದು ವರ್ಷ ತಪ್ಪದೆ ಬರೋ ಹಾಗೆ ಮಾಡಲಿ ಅಂತ ನನ್ನ ಆಸೆ.

ಆಟೋದವನ ಅಣ್ಣ ಈ ಟ್ಯಾಕ್ಸಿ ಸ್ಟ್ಯಾಂಡಿಗೆ ಅಂತಲೇ ಸಾಲ ಮಾಡಿ ಕಾರು ತಗೊಂಡಿದ್ದನಂತೆ. ಈಗ ಅದೇ ಕಾರಲ್ಲಿ ಗುರುದ್ವಾರ ನಾನಕ್ ಝೀರಾಕ್ಕೆ ಬರುವ ಪಂಜಾಬಿನ ಯಾತ್ರಿಕರನ್ನ ಹೈದರಾಬಾದಿನ ಶಂಶಾಬಾದ್ ನಿಲ್ದಾಣದಿಂದ ಕರೆತರುತ್ತಾನೆ. "ಅಲ್ಲಿಂದ ಇಲ್ಲಿಗೆ ಮೂರು ತಾಸು. ಇಲ್ಲೇ ಇಳಿದ್ರ ಹತ್ತು ನಿಮಿಷ. ಆದ್ರ ಅಣ್ಣಗ ಹೈದರಾಬಾದ್ ಬಾಡಿಗಿ ಜಾಸ್ತಿ ಸಿಗ್ತದ, ಹಂಗಂತ ಅವನೂ ಖುಷಿ ಇಲ್ಲ, ದಿನಾ ರಾತ್ರಿ ಎರಡಕ್ಕ ಮನಿಗಿ ಬರ್ತಾನ" ಅಂದ. ನಾವು ಮಾತಾಡ್ತಿದ್ದಾಗ ಹಾಕ್ ಜೆಟ್ ಒಂದು ತಲೆ ಮೇಲೆ ಹೋಯ್ತು. ಸದ್ದು ಇಳಿಯುವವರೆಗೂ ಇಬ್ಬರೂ ಸುಮ್ಮನಿದ್ದೆವು. ನನ್ನ ನಂಬರ್ ಬರೆದುಕೊಂಡ, ವಿಮಾನ ಶುರುವಾದ್ರೆ ಹೇಳ್ತೀನಿ ಅಂದ.

ಉಳಿದ ಹೊತ್ತು ಕೋಟೆ, ಬಿದ್ರಿ ಕೆಲಸದ ಓಣಿ. ಕೋಟೆಯ ಮಣ್ಣು ಕಲಸಿದ ನೀರಿನಲ್ಲಿ ಅದ್ದಿದ ಕೂಡಲೇ ಹೂಜಿ ಕಪ್ಪಾಗಿ, ಬೆಳ್ಳಿ ಎಳೆ ಮಾತ್ರ ಹೊಳೆಯುತ್ತಾ ಉಳಿಯೋದನ್ನ ಕಣ್ಣಾರೆ ಕಂಡೆ. ಸಂಜೆ ಕಲಬುರಗಿಗೆ ವಾಪಸ್.

ಆರನೇ ದಿನ: ಕಲಬುರಗಿ – ಬೆಂಗಳೂರು

ಇವತ್ತು ಬೇಲಿಯ ಒಳಗೆ. ಟರ್ಮಿನಲ್ಲು ನಮ್ಮ ಊರಿನ ಒಂದು ದೊಡ್ಡ ಕಲ್ಯಾಣ ಮಂಟಪದಷ್ಟು. ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ಕಾಣುತ್ತೆ. ಯಾರೂ ಓಡುತ್ತಿರಲಿಲ್ಲ. ತಪಾಸಣೆಯವರು ಕನ್ನಡದಲ್ಲೇ ಮಾತಾಡಿಸಿದರು, ಬೆಂಗಳೂರಿನ ಅಡಕತ್ತರಿ ನೆನಪಾಯ್ತು.

ನನ್ನ ಜೊತೆ ಇದ್ದವರನ್ನ ನೋಡಿಕೊಂಡೆ. ಕರಿ ಕೋಟು ಮಡಚಿ ಕೈಮೇಲೆ ಹಾಕಿಕೊಂಡ ಇಬ್ಬರು ವಕೀಲರು. ಎದೆಗೆ ಫೈಲು ಒತ್ತಿಕೊಂಡ ಒಬ್ಬ ಹುಡುಗ, ಕೆಲಸದ ಸಂದರ್ಶನಕ್ಕೆ ಇರಬೇಕು. ಎಕ್ಸ್‌ರೇ ಕವರು ಹಿಡಿದ ಗಂಡ, ಗಾಲಿಕುರ್ಚಿಯಲ್ಲಿ ಹೆಂಡತಿ. ಅವರನ್ನ ಮಾತಾಡಿಸಿದೆ. ಆಕೆಗೆ ಚಿಕಿತ್ಸೆ ನಡೀತಿದೆ, ಮೂರು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಬೇಕು. "ರೈಲಿನಾಗ ಹೋದ್ರ ವಾಂತಿ ತಡಿಯಂಗಿಲ್ರಿ. ಹೋಗಾಗ ವಿಮಾನ, ಬರಾಗ ರೈಲು. ಎರಡೂ ಕಡಿ ನಮಗ ಆಗಂಗಿಲ್ಲ" ಅಂದರು ಆತ. ದುಡ್ಡಿನ ಲೆಕ್ಕ, ದೇಹದ ಲೆಕ್ಕ ಎರಡನ್ನೂ ಕೂಡಿಸಿ ಕಳೆದು ಹುಡುಕಿಕೊಂಡ ದಾರಿ ಅದು.

ಐವತ್ತು ಸೀಟಿನ ಸಣ್ಣ ಜೆಟ್. ಒಂದು ಕಡೆ ಒಂದೇ ಸೀಟು, ಇನ್ನೊಂದು ಕಡೆ ಎರಡು. ವಿಮಾನದವರೆಗೆ ನಡೆದುಕೊಂಡೇ ಹೋಗೋದು. ಇಬ್ಬರು ಹುಡುಗರು ಆಕೆಯನ್ನ ಕುರ್ಚಿಯಿಂದ ಎತ್ತಿ ಮೆಟ್ಟಿಲು ಹತ್ತಿಸಿದರು, ಅವರಲ್ಲಿ ಒಬ್ಬ "ಹಗೂರ್ಕ, ಅಕ್ಕಾ, ಹಗೂರ್ಕ" ಅನ್ನುತ್ತಾ ಇದ್ದ. ಮೂರು ವಾರಕ್ಕೊಮ್ಮೆ ನೋಡಿ ಪರಿಚಯ ಆಗಿರಬೇಕು. ವಿಮಾನ ತಿರುಗುವಾಗ ಬೇಲಿ ಆಚೆ ಚಹಾ ಅಂಗಡಿಯ ತಗಡಿನ ಚಾವಣಿ ಒಂದು ಕ್ಷಣ ಹೊಳೆಯಿತು.

ಇದಾಗಿ ವರ್ಷದ ಮೇಲಾಯ್ತು. 2025ರ ಏಪ್ರಿಲ್‌ನಲ್ಲಿ ಒಂದು ದಿನ ಆಫೀಸಲ್ಲಿದ್ದಾಗ ಫೋನಿಗೆ ಒಂದು ವಿಡಿಯೊ ಬಂತು. ಬೀದರ್‌ನ ಆಟೋದವನದು. ಬಿಸಿಲಿಗೆ ಚಿತ್ರ ಬೆಳ್ಳಗಾಗಿದೆ, ಕೈ ನಡುಗಿದೆ, ಗಾಜಿನ ಕಟ್ಟಡದ ಹಿಂದೆ ವಿಮಾನದ ಬಾಲ ಮಾತ್ರ ಕಾಣುತ್ತೆ. ಕೆಳಗೆ ಧ್ವನಿ ಸಂದೇಶ: "ಬಂತ್ರೀ ಸರ. ಅಣ್ಣ ಕಾರು ತೊಳ್ಯಾಕತ್ಯಾನ."

ಅವತ್ತಿಂದ ಆಗಾಗ ಅವನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳ್ತೀನಿ, ಇವತ್ತು ಬಂತಾ ಅಂತ.